ಬುದ್ಧಿಹಲ್ಲಿನ ಮರೆಯಲ್ಲಿ

ಮನುಷ್ಯನಿಗೆ ಹಲ್ಲು ಬರುವುದು ಎರಡು ಸಲ ಎಂದು ನಾವು ಹೇಳುವುದು ವಾಡಿಕೆ. ಹಾಲುಹಲ್ಲು ಒಂದು ಸಲ. ಅದು ಬಿದ್ದಮೇಲೆ ಶಾಶ್ವತ ಹಲ್ಲು ಇನ್ನೊಂದು ಸಲ. ಆದರೆ ಮನೆಯವರೆಲ್ಲ ಹಲ್ಲಿನ ಮಾತನ್ನೇ ಮರೆತಿರುವಾಗ, ಬಹಳ ತಡವಾಗಿ ಬರುವ ನಾಲ್ಕು ಹಲ್ಲುಗಳುಂಟು. ಹುಡುಗ ಕಾಲೇಜು ಸೇರಿರುತ್ತಾನೆ; ಹುಡುಗಿಗೆ ಕೆಲಸ ಸಿಕ್ಕಿರುತ್ತದೆ, ಇಲ್ಲವೆ ಮದುವೆಯ ಮಾತು ನಡೆದಿರುತ್ತದೆ. ಸಾಮಾನ್ಯವಾಗಿ 17ರಿಂದ 25 ವರ್ಷದ ನಡುವೆ ಯಾವಾಗಲೋ ಒಂದು ದಿನ ದವಡೆಯ ಕಟ್ಟಕಡೆಯ ಮೂಲೆಯಲ್ಲಿ ಒಸಡು ನೋಯತೊಡಗುತ್ತದೆ. ನಾಲಗೆಯಿಂದ ಮುಟ್ಟಿ ನೋಡಿದರೆ ಅಲ್ಲೊಂದು ಹೊಸ ಹಲ್ಲಿನ ತುದಿ ಚುಚ್ಚುತ್ತದೆ. ಇದೇ ಬುದ್ಧಿಹಲ್ಲು. ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುತ್ತದೆಂದು ಈ ಹೆಸರೇ ಹೊರತು, ಹಲ್ಲು ಬಂದವರಿಗೆಲ್ಲ ಬುದ್ಧಿಯೂ ಬಂದಿದೆಯೆಂದು ಯಾರೂ ಭರವಸೆ ಕೊಟ್ಟಿಲ್ಲ. ಲ್ಯಾಟಿನ್ ಭಾಷೆಯವರೂ ಇದನ್ನು ವಿವೇಕದ ಹಲ್ಲೆಂದೇ ಕರೆದರು. ಹಿಂದಿಯವರು ಅಕಲ್ ದಾಢ್ ಎನ್ನುತ್ತಾರೆ.

ಈ ಹಲ್ಲು ಹುಟ್ಟುವಾಗ ಕೊಂಚ ನೋವು ಸಹಜ. ಅದು ಎರಡು ಮೂರು ದಿನ ಇದ್ದು ಹೋಗುತ್ತದೆ. ನಾನು ಈ ದಿನ ಹೇಳಹೊರಟಿರುವುದು ಆ ನೋವಿನ ವಿಷಯವಲ್ಲ. ಕೆಲವರಿಗೆ ಬುದ್ಧಿಹಲ್ಲಿನ ಸುತ್ತಣ ಒಸಡು ಕೆಂಪಾಗಿ ಬಾತು, ಕೀವು ಕಟ್ಟಿ, ಬಾಯಿ ತೆರೆಯಲಾಗದೆ, ಎಂಜಲು ನುಂಗುವುದಕ್ಕೂ ಕಷ್ಟವಾಗುವುದುಂಟು. ಇದಕ್ಕೆ ವೈದ್ಯರು ಪೆರಿಕೊರೊನೈಟಿಸ್ ಎಂದು ಹೆಸರಿಟ್ಟಿದ್ದಾರೆ. ಹಲ್ಲಿನ ಶಿರೋಭಾಗದ ಸುತ್ತ ಉಂಟಾದ ಉರಿಯೂತ ಎಂದು ಅದರ ಅರ್ಥ. ಇದು ಹಲ್ಲು ಹುಳುಕಾಗಿ ಬಂದ ಬೇನೆಯಲ್ಲ. ಹಲ್ಲು ಚೆನ್ನಾಗಿಯೇ ಇರಬಹುದು. ಬೇನೆ ಇರುವುದು ಹಲ್ಲಿಗೂ ಒಸಡಿಗೂ ನಡುವಣ ಸಂದಿಯಲ್ಲಿ. ಆ ಸಂದಿಯಲ್ಲಿ ಯಾರು ವಾಸವಾಗಿದ್ದಾರೆ, ಅವರು ಅಲ್ಲಿಗೆ ಹೇಗೆ ಬಂದರು, ಅವರನ್ನು ಹೊರಡಿಸುವ ಬಗೆ ಯಾವುದು ಎಂಬುದನ್ನು ವಿಚಾರ ಮಾಡೋಣ.

ಮೊದಲು ಆ ಸಂದಿ ಉಂಟಾದದ್ದೇಕೆ ಎಂದು ನೋಡಬೇಕು. ಪೂರ್ಣ ಬೆಳೆದ ಬಾಯಿಯಲ್ಲಿ 32 ಹಲ್ಲುಗಳು. ನಮ್ಮ ಬಹು ಹಿಂದಿನ ಪೂರ್ವಿಕರು ಗೆಡ್ಡೆ, ಬೀಜ, ಬೇಯಿಸದ ಮಾಂಸ ಮೊದಲಾದ ಗಟ್ಟಿ ಪದಾರ್ಥಗಳನ್ನು ಅಗಿದು ತಿನ್ನುತ್ತಿದ್ದರು; ಅವರ ದವಡೆ ನೀಳವಾಗಿತ್ತು. ಬೆಂಕಿ ಬಂತು, ಅಡಿಗೆ ಬಂತು, ಬೀಸುವ ಕಲ್ಲು ಬಂತು. ಆಹಾರ ಮೆತ್ತಗಾದಂತೆಲ್ಲ ದವಡೆಗೆ ಕೆಲಸ ಕಡಮೆಯಾಗಿ ಅದು ಮೊಟಕಾಗುತ್ತ ಬಂತು. ಹಲ್ಲಿನ ಸಂಖ್ಯೆ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಮೊದಲು ಬಂದ ಹಲ್ಲುಗಳು ಬೇಕಾದಷ್ಟು ಸ್ಥಳ ಹಿಡಿದುಕೊಂಡ ಮೇಲೆ, ಕಡೆಯಲ್ಲಿ ಬಂದ ಬುದ್ಧಿಹಲ್ಲಿಗೆ ಉಳಿಯುವುದು ಕಿಷ್ಕಿಂಧೆ. ಕೆಲವರಲ್ಲಿ ಅದು ಹುಟ್ಟುವುದೇ ಇಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ಇರುವುದಿಲ್ಲ. ಅವರು ಅದೃಷ್ಟವಂತರು. ಕೆಲವರಲ್ಲಿ ಅದು ಎಲುಬಿನೊಳಗೇ ಅಡ್ಡಲಾಗಿ ಮಲಗಿರುತ್ತದೆ. ಇನ್ನು ಕೆಲವರಲ್ಲಿ ಅರ್ಧ ಮೇಲೆದ್ದು, ಮುಂದಿನ ಹಲ್ಲಿಗೆ ಒರಗಿ ಅಲ್ಲೇ ನಿಂತುಬಿಡುತ್ತದೆ. ನಮ್ಮ ಬೇನೆಗೆ ಮನೆ ಮಾಡಿಕೊಡುವುದು ಹೀಗೆ ಅರ್ಧ ಎದ್ದ ಹಲ್ಲು. ಅದರಲ್ಲಿಯೂ ಕೆಳದವಡೆಯ ಹಲ್ಲು.

ಎಳೆಯ ಮಗುವಿನ ತಲೆಗೆ ಕುಲಾವಿ ಕಟ್ಟಿದಾಗ ಅದು ಜರುಗಿ ಅರ್ಧ ತಲೆಯ ಮೇಲೆ ನಿಂತಿರುವುದನ್ನು ನೀವು ಕಂಡಿದ್ದೀರಿ. ಅರ್ಧ ಎದ್ದ ಬುದ್ಧಿಹಲ್ಲಿನ ಮೇಲೆ ಒಸಡಿನ ಒಂದು ತುಂಡು ಹೀಗೆಯೇ ಕುಲಾವಿಯಂತೆ ಕವಿದುಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಅಲ್ಲೇನೂ ತೋರುವುದಿಲ್ಲ. ಆದರೆ ಕುಲಾವಿಯ ಕೆಳಗೆ ಒಂದು ಸಣ್ಣ ಜೇಬು ಉಂಟಾಗಿರುತ್ತದೆ. ಊಟದ ಅಗುಳು, ಹುರಿಗಡಲೆಯ ಸಿಪ್ಪೆ, ಅಡಿಕೆಯ ಹುಡಿ, ಏನು ತಿಂದರೂ ಅದರ ಒಂದು ಪಾಲು ಈ ಜೇಬಿಗೆ ಸಲ್ಲುತ್ತದೆ. ಒಳಕ್ಕೆ ಹೋದದ್ದು ಹೊರಕ್ಕೆ ಬರುವುದು ಕಷ್ಟ. ಬಾಯಿ ಮುಕ್ಕಳಿಸಿದ ನೀರು ಅಲ್ಲಿಗೆ ಇಳಿಯುವುದಿಲ್ಲ. ಬ್ರಷ್ಷಿನ ಕೂದಲೂ ಬೇವಿನ ಕಡ್ಡಿಯೂ ಅಷ್ಟು ಹಿಂದಕ್ಕೆ ಹೋಗುವುದು ಕಷ್ಟ. ಸಾಲದ್ದಕ್ಕೆ ಒಸಡು ಸ್ವಲ್ಪ ಊದಿಕೊಂಡರೆ, ಮೇಲುದವಡೆಯ ಹಲ್ಲು ಪ್ರತಿಸಲ ಅಗಿಯುವಾಗಲೂ ಅದನ್ನೇ ಕಚ್ಚುತ್ತದೆ. ಕಚ್ಚಿದಷ್ಟೂ ಊತ, ಊದಿದಷ್ಟೂ ಕಚ್ಚು.

ಇನ್ನು ಆ ಜೇಬಿನ ನಿವಾಸಿಗಳ ಮಾತು. ಈ ಬೇನೆ ಹೊರಗಿನಿಂದ ಬಂದ ಅಂಟು ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಇದನ್ನು ಉಂಟುಮಾಡುವ ಏಕಾಣುಜೀವಿಗಳು, ಎಂದರೆ ಬ್ಯಾಕ್ಟೀರಿಯಗಳು, ನಮ್ಮ ಬಾಯಲ್ಲಿಯೇ ಇರುವಂಥವು. ಮನುಷ್ಯರ ಬಾಯಿಗಳಲ್ಲಿ ಈವರೆಗೆ 700ಕ್ಕೂ ಹೆಚ್ಚು ಜಾತಿಯ ಏಕಾಣುಜೀವಿಗಳನ್ನು ಗುರುತಿಸಿದ್ದಾರೆ. ಎಲ್ಲವೂ ಒಬ್ಬರ ಬಾಯಲ್ಲಿಯೇ ಇರುವುದಿಲ್ಲವಾದರೂ, ಎಷ್ಟೇ ಶುಚಿಯಾದ ಬಾಯಿಯೂ ಇವುಗಳಿಂದ ಬರಿದಾಗಿಲ್ಲ. ಇವುಗಳಲ್ಲಿ ಬಹುಪಾಲು ನಮಗೆ ಕೇಡು ಮಾಡದೆ ತಮ್ಮ ಪಾಡಿಗೆ ತಾವಿರುತ್ತವೆ.

ಇವುಗಳನ್ನು ಮೊದಲು ಕಂಡು ಜಗತ್ತಿಗೆ ತಿಳಿಸಿದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿ. ಅವನು ವಿಶ್ವವಿದ್ಯಾನಿಲಯದಲ್ಲಿ ಓದಿದವನಲ್ಲ. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರಗಳಿಂದ ಕಣ್ಣಿಗೆ ಕಾಣದ ವಸ್ತುಗಳನ್ನೆಲ್ಲ ನೋಡುವುದು ಅವನ ಹವ್ಯಾಸ. ಅವನೂ ನಮ್ಮ ಹಿರಿಯರಂತೆ ದಿನವೂ ಬೆಳಿಗ್ಗೆ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ. ಆದರೂ ಹಲ್ಲಿನ ಸಂದಿಯಲ್ಲಿ ಬಿಳಿಯ ಹಿಟ್ಟಿನಂಥ ಪಾಚಿ ಉಳಿದಿತ್ತು. ಅದನ್ನು ಮಳೆನೀರಿನಲ್ಲಿ ಕಲಸಿ ಮಸೂರದ ಕೆಳಗಿಟ್ಟು ನೋಡಿದರೆ ಅಲ್ಲಿ ಲೆಕ್ಕವಿಲ್ಲದ ಜೀವಿಗಳು ಓಡಾಡುತ್ತಿದ್ದವು. 1683ರಲ್ಲಿ ಅವನು ಈ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ನಮ್ಮ ದೇಶದಲ್ಲಿರುವ ಜನರಿಗಿಂತ ನನ್ನ ಬಾಯಲ್ಲಿರುವ ಜೀವಿಗಳೇ ಹೆಚ್ಚು ಎಂಬುದು ಅವನ ಮಾತಿನ ತಾತ್ಪರ್ಯ.

ಅವನು ಮಾಡಿದ ಇನ್ನೆರಡು ಪರೀಕ್ಷೆಗಳು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದವು. ಪಾಚಿಗೆ ವಿನಿಗರ್ ಬೆರೆಸಿದರೆ ಜೀವಿಗಳು ಸತ್ತವು. ಆದರೆ ಅದೇ ವಿನಿಗರನ್ನು ಬಾಯಲ್ಲಿ ಹಾಕಿಕೊಂಡು ಮತ್ತೆ ಮತ್ತೆ ಮುಕ್ಕಳಿಸಿದರೂ, ಹಿಂದಿನ ಹಲ್ಲುಗಳ ನಡುವಣ ಪಾಚಿಯೊಳಗಿದ್ದವು ಸಾಯಲಿಲ್ಲ. ವಿನಿಗರ್ ಅಷ್ಟು ಒಳಕ್ಕೆ ಇಳಿದಿರಲಿಲ್ಲ. ಮತ್ತೊಮ್ಮೆ, 1692ರಲ್ಲಿ, ತನ್ನ ಮುಂದಿನ ಹಲ್ಲುಗಳ ಪಾಚಿಯಲ್ಲಿ ಜೀವಂತವಾದುದೇನೂ ಕಾಣದೆ ಹೋದಾಗ ಅವನಿಗೆ ಆಶ್ಚರ್ಯವಾಯಿತು. ತಾನು ಬೆಳಿಗ್ಗೆ ಕುಡಿಯುವ ಬಿಸಿ ಕಾಫಿಯೇ ಅವುಗಳನ್ನು ಕೊಂದಿರಬೇಕೆಂದು ಅವನು ಊಹಿಸಿ, ಹಿಂದಿನ ದವಡೆಹಲ್ಲುಗಳ ಪಾಚಿಯನ್ನು ತೆಗೆದು ನೋಡಿದ. ಕಾಫಿಯ ಬಿಸಿ ತಾಕದ ಅಲ್ಲಿ ಅವು ತುಂಬಿ ತುಳುಕುತ್ತಿದ್ದವು. ಬಾಯಿಯ ಹಿಂದಿನ ಮೂಲೆ ಸೂಕ್ಷ್ಮಜೀವಿಗಳಿಗೆ ಭದ್ರವಾದ ಮರೆ ಎಂಬುದು ಮುನ್ನೂರು ವರ್ಷಗಳ ಹಿಂದೆಯೇ ತಿಳಿದ ಸಂಗತಿ.

ಮರೆ ಸಿಕ್ಕಿದ ಮಾತ್ರಕ್ಕೆ ನಿರುಪದ್ರವಿಗಳು ಉಪದ್ರವಿಗಳಾಗುವುದೇಕೆ? ಇದಕ್ಕೆ ಉತ್ತರ ಗಾಳಿಯಲ್ಲಿದೆ. ಆಮ್ಲಜನಕವಿಲ್ಲದೆ ಬದುಕುವ, ಆಮ್ಲಜನಕ ತಾಕಿದರೆ ಸೊರಗುವ ಸೂಕ್ಷ್ಮಜೀವಿಗಳುಂಟು ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ 1861ರಲ್ಲಿ ತೋರಿಸಿಕೊಟ್ಟ. ನಮ್ಮ ಒಸಡಿನ ಜೇಬಿನಲ್ಲಿ ಗಾಳಿಯ ಸಂಚಾರ ಕಡಮೆ. ಅಲ್ಲಿಗೆ ಮೊದಲು ಬಂದು ನೆಲಸುವವು ಸ್ಟ್ರೆಪ್ಟೊಕಾಕಸ್ ಎಂಬ ಮಣಿಸರದಂಥ ಏಕಾಣುಜೀವಿಗಳು. ಇವು ಆಮ್ಲಜನಕವಿದ್ದರೂ ಬದುಕಬಲ್ಲವು, ಇಲ್ಲದಿದ್ದರೂ ಬದುಕಬಲ್ಲವು. ಇರುವಷ್ಟು ಆಮ್ಲಜನಕವನ್ನು ಇವು ತಿಂದು ಮುಗಿಸುತ್ತವೆ. ಆಮೇಲೆ ಬರುವುದು ಫ್ಯೂಸೊಬ್ಯಾಕ್ಟೀರಿಯಂ. ಎರಡು ತುದಿಯೂ ಚೂಪಾದ, ನೂಲಿನ ಕದಿರಿನಂಥ ಆಕಾರ. ಮೊದಲು ಬಂದವರಿಗೂ ಆಮೇಲೆ ಬರುವವರಿಗೂ ಇದೇ ಸೇತುವೆ; ಎರಡು ಪಂಗಡಗಳೂ ಇದನ್ನು ಹಿಡಿದುಕೊಂಡು ನಿಲ್ಲುತ್ತವೆ. ಕಡೆಗೆ, ಗಾಳಿಯನ್ನು ಸಹಿಸದ ಪ್ರಿವೊಟೆಲ್ಲ, ಪಾರ್ವಿಮೋನಾಸ್, ಸುರುಳಿಯಾಕಾರದ ಟ್ರೆಪೊನೀಮ ಮುಂತಾದವು ತಮಗೆ ತಕ್ಕ ಮನೆ ಸಿದ್ಧವಾಯಿತೆಂದು ಒಳಸೇರುತ್ತವೆ.

ಒಬ್ಬರ ಎಂಜಲು ಇನ್ನೊಬ್ಬರಿಗೆ ಊಟ ಎಂಬುದು ಅಲ್ಲಿಯ ಸಂಸಾರದ ರೀತಿ. ಸ್ಟ್ರೆಪ್ಟೊಕಾಕಸ್ ಸಕ್ಕರೆಯನ್ನು ತಿಂದು ಹುಳಿಯನ್ನು ಬಿಟ್ಟರೆ, ವೀಲೊನೆಲ್ಲ ಎಂಬ ಇನ್ನೊಂದು ಜೀವಿ ಆ ಹುಳಿಯನ್ನೇ ಉಣ್ಣುತ್ತದೆ. ಊದಿದ ಒಸಡಿನಿಂದ ಒಸರುವ ರಸದಲ್ಲಿಯೂ ರಕ್ತದಲ್ಲಿಯೂ ಇರುವ ಸಸಾರಜನಕ ಪದಾರ್ಥ ಪ್ರಿವೊಟೆಲ್ಲದ ಆಹಾರ. ಆದುದರಿಂದ ಉರಿಯೂತ ಹೆಚ್ಚಿದಷ್ಟೂ ಇದಕ್ಕೆ ಸುಗ್ಗಿ. ಈ ಪದಾರ್ಥಗಳು ಕೊಳೆತಾಗ ಗಂಧಕವುಳ್ಳ ಅನಿಲಗಳು ಹುಟ್ಟುತ್ತವೆ. ಬುದ್ಧಿಹಲ್ಲು ಬಾತವರ ಬಾಯಿಯ ದುರ್ವಾಸನೆಗೂ ಕೆಟ್ಟ ರುಚಿಗೂ ಇದೇ ಮುಖ್ಯ ಕಾರಣ.

ಈ ಸಂಸಾರದ ಸ್ವರೂಪ ತಿಳಿಯುವುದಕ್ಕೆ ಬಹಳ ಕಾಲ ಹಿಡಿಯಿತು. ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ಏಕಾಣುಜೀವಿಯನ್ನು ಕಂಡುಹಿಡಿದ ಮೇಲೆ, ಒಂದು ರೋಗಕ್ಕೆ ಒಂದು ಕ್ರಿಮಿ ಎಂದು ಹುಡುಕುವುದು ವೈದ್ಯಲೋಕದ ರೂಢಿಯಾಯಿತು. ಬರ್ಲಿನ್ನಿನಲ್ಲಿ ಕಾಕ್‌ನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಮಿಲ್ಲರ್ ಎಂಬ ಅಮೆರಿಕದ ದಂತವೈದ್ಯ ಬಾಯಿಯ ಸೂಕ್ಷ್ಮಜೀವಿಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದ. ಅದರ ಇಂಗ್ಲಿಷ್ ಆವೃತ್ತಿ 1890ರಲ್ಲಿ ಪ್ರಕಟವಾಯಿತು. ಬುದ್ಧಿಹಲ್ಲಿನ ಬಾವಿನಲ್ಲಿ ಮೇಲಿಂದ ಮೇಲೆ ಕಾಣುವ ಸ್ಟ್ರೆಪ್ಟೊಕಾಕಸ್ ಪಂಗಡವೊಂದಕ್ಕೆ 1956ರಲ್ಲಿ ಅವನ ನೆನಪಿಗಾಗಿಯೇ ಮಿಲ್ಲೆರಿ ಎಂದು ಹೆಸರಿಟ್ಟರು. ಈಗ ಆ ಪಂಗಡಕ್ಕೆ ಆಂಜಿನೋಸಸ್ ಎಂಬ ಹೆಸರು ಬಂದಿದೆ. ಬಾವು ಮತ್ತು ಕೀವು ಮಾಡುವುದರಲ್ಲಿ ಇದರ ಕೈ ದೊಡ್ಡದು. ಜರ್ಮನಿಯ ಪ್ಲೌಟ್ 1894ರಲ್ಲಿಯೂ ಫ್ರಾನ್ಸಿನ ವ್ಯಾನ್ಸಾಂ 1896ರಲ್ಲಿಯೂ, ಕೊಳೆತ ಹುಣ್ಣುಗಳಲ್ಲಿ ಕದಿರಿನಂಥ ಜೀವಿಯೂ ಸುರುಳಿಯಂಥ ಜೀವಿಯೂ ಜೊತೆಜೊತೆಯಾಗಿ ಇರುವುದನ್ನು ವರ್ಣಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕುಳಿತಿದ್ದ ಸಿಪಾಯಿಗಳ ಒಸಡು ಕೊಳೆತು ಹೋಗುತ್ತಿದ್ದಾಗ ಅಲ್ಲಿಯೂ ಈ ಜೋಡಿಯೇ ಕಂಡಿತು. ಬುದ್ಧಿಹಲ್ಲಿನ ಬೇನೆಗೂ ಒಂದೇ ಒಂದು ಕ್ರಿಮಿ ಕಾರಣವಲ್ಲ, ಹಲವು ಜಾತಿಗಳು ಕೂಡಿ ಮಾಡುವ ಕೇಡು ಇದು ಎಂಬುದು ಈಗ ನಿಶ್ಚಿತವಾಗಿದೆ.

ದೇಹ ಗಟ್ಟಿಯಾಗಿರುವಷ್ಟು ಕಾಲ ಈ ಸಂಸಾರ ಹದ್ದಿನಲ್ಲಿರುತ್ತದೆ. ನೆಗಡಿ, ಜ್ವರ, ಪರೀಕ್ಷೆಯ ಕಾಲದ ನಿದ್ದೆಗೇಡು, ಧೂಮಪಾನ, ಹಲ್ಲುಜ್ಜುವುದರಲ್ಲಿ ಅಲಕ್ಷ್ಯ ಇವು ಸೇರಿದಾಗ ಅದು ತಲೆಯೆತ್ತುತ್ತದೆ. ಒಸಡು ಊದುತ್ತದೆ, ನೋವು ಕಿವಿಗೂ ಗಂಟಲಿಗೂ ಹರಿಯುತ್ತದೆ. ದವಡೆಯ ಕೆಳಗೆ ಗಂಟು ಕಟ್ಟುತ್ತದೆ. ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಏಕೆಂದರೆ ಅಗಿಯುವ ಮಾಂಸಖಂಡಗಳು ಆ ಹಲ್ಲಿನ ಪಕ್ಕದಲ್ಲಿಯೇ ಇವೆ, ಉರಿ ಅವಕ್ಕೂ ತಗುಲುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಡಿಕೆ ಅಥವಾ ಗುಟ್ಕಾ ಅಗಿಯುವ ಅಭ್ಯಾಸವಿದ್ದವರಿಗೆ, ನೋವು ಊತ ಏನೂ ಇಲ್ಲದೆ, ದಿನಕ್ರಮೇಣ ಬಾಯಿ ತೆರೆಯುವುದು ಕಡಮೆಯಾಗುತ್ತ ಬಂದರೆ ಅದು ಬುದ್ಧಿಹಲ್ಲಿನ ಕಾಟವೆಂದು ಸುಮ್ಮನಿರಬಾರದು. ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಬೇರೊಂದು ಕಾಯಿಲೆ ಅದಾಗಿರಬಹುದು. ಅದು ಕ್ಯಾನ್ಸರಿಗೆ ತಿರುಗುವ ಸಂಭವವುಂಟು.

ಹಲ್ಲುನೋವಿನಿಂದ ಯಾರಾದರೂ ಸಾಯುತ್ತಾರೆಯೆ ಎಂದು ನಗುವವರುಂಟು. 1836ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯ, ಗದ್ದದ ಕೆಳಗೂ ಕತ್ತಿನಲ್ಲಿಯೂ ಹಲಗೆಯಂತೆ ಗಟ್ಟಿಯಾಗಿ ಊದಿ, ನಾಲಗೆ ಮೇಲೆದ್ದು, ಉಸಿರು ಕಟ್ಟಿ ಸಾಯುವ ಬೇನೆಯೊಂದನ್ನು ವಿವರಿಸಿದ. ಅದಕ್ಕೆ ಅವನ ಹೆಸರೇ ನಿಂತಿದೆ. ಅದರ ಮೂಲ ಬಹುಮಟ್ಟಿಗೆ ಕೆಳದವಡೆಯ ಹಿಂದಿನ ಹಲ್ಲುಗಳು. ಈ ಹಲ್ಲುಗಳ ಬೇರು ದವಡೆಯಲ್ಲಿ ಬಹಳ ಕೆಳಕ್ಕೆ ಇಳಿದಿರುವುದರಿಂದ ಕೀವಿಗೆ ಕತ್ತಿನ ಕಡೆಗೆ ದಾರಿ ಸುಲಭ. ಪೆನಿಸಿಲಿನ್ ಮೊದಲಾದ ಔಷಧಗಳು ಬರುವುದಕ್ಕೆ ಮುಂಚೆ ಈ ರೋಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುತ್ತಿರಲಿಲ್ಲ. ಇಂದು ಸಕಾಲದಲ್ಲಿ ಆಸ್ಪತ್ರೆ ಸೇರಿದವರು ಬಹುಮಟ್ಟಿಗೆ ಉಳಿಯುತ್ತಾರೆ. ಸಕಾಲದಲ್ಲಿ ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಜ್ವರ ಏರುವುದು, ಊತ ಗದ್ದದ ಕೆಳಕ್ಕೆ ಇಳಿಯುವುದು, ಎಂಜಲು ನುಂಗಲಾಗದೆ ಸುರಿಯುವುದು, ಧ್ವನಿ ಬದಲಾಗುವುದು, ಉಸಿರಾಟ ಕಷ್ಟವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯಾಗಿದ್ದರೆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಿ. ಮಧುಮೇಹ ಇರುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಮನೆಯಲ್ಲಿ ಮಾಡಬಹುದಾದದ್ದೇನು? ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೂ ನಡುನಡುವೆಯೂ ಆ ಪಕ್ಕಕ್ಕೆ ನಿಲ್ಲಿಸಿಕೊಂಡು ಮುಕ್ಕಳಿಸಬೇಕು. ನೋವೆಂದು ಹಲ್ಲುಜ್ಜುವುದನ್ನು ಬಿಡಬಾರದು. ಮೆತ್ತನೆಯ ಬ್ರಷ್ಷಿನಿಂದ ಮೃದುವಾಗಿ ಉಜ್ಜಬೇಕು. ಮೆತ್ತನೆಯ ಆಹಾರ ತೆಗೆದುಕೊಳ್ಳಬೇಕು. "ಒಂದು ಲವಂಗ ಕಚ್ಚಿಕೋ ಮಗು" ಎಂದು ಅಜ್ಜಿ ಹೇಳಿದರೆ ಅದರಲ್ಲಿ ತಥ್ಯವಿದೆ. ಲವಂಗದ ಎಣ್ಣೆಗೆ ನೋವನ್ನು ಮರಗಟ್ಟಿಸುವ ಗುಣವುಂಟು. ಆದರೆ ಅದು ಜೇಬಿನ ಕೊಳೆಯನ್ನು ತೆಗೆಯಲಾರದು. ಮತ್ತು ಲವಂಗದೆಣ್ಣೆಯನ್ನು ನೇರವಾಗಿ ಸುರಿದುಕೊಂಡರೆ ಒಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ನುಂಗದೆ ಒಸಡಿನ ಮೇಲೆ ಇಟ್ಟುಕೊಳ್ಳುವವರುಂಟು, ಅದೂ ಸುಡುತ್ತದೆ. ಹೊಗೆಸೊಪ್ಪು ಇಟ್ಟುಕೊಳ್ಳುವುದಂತೂ ಒಂದು ರೋಗಕ್ಕೆ ಇನ್ನೊಂದನ್ನು ಕರೆದಂತೆ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವುದನ್ನೂ ಮಾಡಬೇಡಿ.

ದಂತವೈದ್ಯರು ಮಾಡುವ ಮೊದಲ ಕೆಲಸ ಬಹಳ ಸರಳ. ಮೊಂಡುಸೂಜಿಯ ಪಿಚಕಾರಿಯಿಂದ ಉಪ್ಪುನೀರನ್ನೋ ಕ್ರಿಮಿನಾಶಕ ದ್ರವವನ್ನೋ ಒಸಡಿನ ಕುಲಾವಿಯ ಕೆಳಗೆ ಹಾಯಿಸಿ ಕೊಳೆಯನ್ನು ತೊಳೆದುಬಿಡುತ್ತಾರೆ. ಲೇವನ್‌ಹುಕ್‌ನ ವಿನಿಗರ್ ತಲುಪದಿದ್ದ ಎಡೆಗೆ ಈ ನೀರು ತಲುಪುತ್ತದೆ. ಮೇಲಿನ ಹಲ್ಲು ಊತವನ್ನು ಕಚ್ಚುತ್ತಿದ್ದರೆ ಅದನ್ನು ಉಜ್ಜಿ ನಯಮಾಡುತ್ತಾರೆ, ಇಲ್ಲವೆ ತೆಗೆಯುತ್ತಾರೆ. ಅನೇಕರಿಗೆ ಇಷ್ಟರಲ್ಲಿಯೇ ಉಪಶಮನವಾಗುತ್ತದೆ. ಜ್ವರವಿದ್ದರೆ, ಊತ ಹರಡುತ್ತಿದ್ದರೆ, ಬಾಯಿ ಬಿಗಿದಿದ್ದರೆ ಮಾತ್ರ ಆಂಟಿಬಯಾಟಿಕ್ ಔಷಧ ಬೇಕಾಗುತ್ತದೆ.

ಈ ಔಷಧಗಳಲ್ಲಿ ಒಂದರ ಕಥೆ ಸ್ವಾರಸ್ಯವಾಗಿದೆ. ಮೆಟ್ರೊನಿಡಜೋಲ್ ಎಂಬುದು ಹೆಂಗಸರಿಗೆ ಬರುವ ಬೇರೊಂದು ಸೋಂಕಿಗಾಗಿ ತಯಾರಾದ ಔಷಧ. ಅದನ್ನು ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬಳ ಕೊಳೆತ ಒಸಡೂ ತಾನಾಗಿ ವಾಸಿಯಾದದ್ದನ್ನು ಇಂಗ್ಲೆಂಡಿನಲ್ಲಿ ಶಿನ್ ಎಂಬುವರು ಗಮನಿಸಿ, 1962ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಗಾಳಿಯಿಲ್ಲದೆ ಬದುಕುವ ಏಕಾಣುಜೀವಿಗಳನ್ನು ಈ ಔಷಧ ಕೊಲ್ಲುತ್ತದೆಂದು ತಿಳಿದದ್ದು ಹೀಗೆ. ಅಂಥ ಜೀವಿಗಳ ಒಡಲನ್ನು ಹೊಕ್ಕ ಮೇಲೆಯೇ ಇದು ವಿಷವಾಗಿ ಮಾರ್ಪಡುತ್ತದೆ. ಆದರೆ ಸ್ಟ್ರೆಪ್ಟೊಕಾಕಸ್ಸಿನ ಮೇಲೆ ಇದರ ಆಟ ನಡೆಯುವುದಿಲ್ಲ. ಅತ್ತ ಪ್ರಿವೊಟೆಲ್ಲದ ಕೆಲವು ಬಳಗಗಳು ಪೆನಿಸಿಲಿನ್ ಜಾತಿಯ ಔಷಧವನ್ನೇ ಒಡೆದುಹಾಕುವ ರಸವನ್ನು ತಯಾರಿಸಿಕೊಳ್ಳುತ್ತವೆ. ಯಾರಿಗೆ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸಬೇಕೆನ್ನುವುದು ಈ ಕಾರಣದಿಂದ. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮದ್ಯಪಾನ ಸಲ್ಲದು.

ಔಷಧದಂಗಡಿಯಲ್ಲಿ ಕೇಳಿ ನಾಲ್ಕು ಮಾತ್ರೆ ತಂದು ನುಂಗಿ, ನೋವು ಇಳಿದೊಡನೆ ಮರೆತುಬಿಡುವುದು ನಮ್ಮಲ್ಲಿ ಸಾಮಾನ್ಯ. ಪಾಚಿಯೊಳಗೆ ಅಂಟಿನ ಪದರದಲ್ಲಿ ಹುದುಗಿರುವ ಜೀವಿಗಳನ್ನು ಮಾತ್ರೆ ಪೂರ್ತಿಯಾಗಿ ತಲುಪಲಾರದು. ಕುಲಾವಿಯೂ ಜೇಬೂ ಇದ್ದಲ್ಲಿಯೇ ಇರುತ್ತವೆ. ತಿಂಗಳೆರಡು ತಿಂಗಳಲ್ಲಿ ಬೇನೆ ಮರಳುತ್ತದೆ. ಅರೆಬರೆ ಮಾತ್ರೆಗೆ ಬಗ್ಗದ ಜೀವಿಗಳು ಆ ಹೊತ್ತಿಗೆ ಹೆಚ್ಚಿರಬಹುದು.

ಹಾಗಾದರೆ ಎಲ್ಲರೂ ಬುದ್ಧಿಹಲ್ಲನ್ನು ಕೀಳಿಸಿಬಿಡಬೇಕೆ? ಬೇಡ. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ತೆಗೆಯುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2000ದಲ್ಲಿ ಸೂಚಿಸಿತು. ಒಸಡಿನ ಬೇನೆ ಮೊದಲ ಸಲ ಬಂದಾಗ, ಅದು ತೀವ್ರವಾಗಿಲ್ಲದಿದ್ದರೆ, ಹಲ್ಲನ್ನು ತೆಗೆಯಬೇಕಾಗಿಲ್ಲ. ಎರಡನೆಯ ಸಲ ಬಂದರೆ ತೆಗೆಯುವುದು ಯುಕ್ತ ಎಂಬುದು ಅದರ ಅಭಿಪ್ರಾಯ. ಕೆಳಗಿನ ಬುದ್ಧಿಹಲ್ಲಿನ ಬೇರಿನ ಪಕ್ಕದಲ್ಲಿಯೇ ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರವೊಂದು ಹಾದುಹೋಗುತ್ತದೆ. ಅದಕ್ಕಾಗಿಯೇ ವೈದ್ಯರು ಮೊದಲು ಎಕ್ಸ್‌ರೇ ತೆಗೆದು ನೋಡುವುದು. ತೆಗೆಯುವುದೇ ಸರಿಯೆಂದು ಅವರು ಹೇಳಿದರೆ, ಸಾಮಾನ್ಯವಾಗಿ ಊತ ಇಳಿದ ಮೇಲೆ ಆ ಕೆಲಸ. ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆಂಬ ಹೆದರಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಆ ಹೆದರಿಕೆಗೆ ಆಧಾರವಿಲ್ಲ.

ನಿಮ್ಮ ಮನೆಯಲ್ಲಿ 17 ದಾಟಿದ ಮಕ್ಕಳಿದ್ದರೆ ಒಂದು ದಿನ ಬೆಳಕಿನಲ್ಲಿ ನಿಲ್ಲಿಸಿ ಬಾಯಿ ತೆರೆಸಿ ನೋಡಿ. ಹಿಂದಿನ ಮೂಲೆಯಲ್ಲಿ ಒಸಡು ಅರ್ಧ ಕವಿದ ಹಲ್ಲು ಕಂಡರೆ, ಪುಟ್ಟ ತಲೆಯ ಬ್ರಷ್ಷನ್ನು ಕೊಡಿಸಿ, ಬಾಯನ್ನು ಪೂರ್ತಿ ತೆರೆಯದೆ ಅರ್ಧ ಮುಚ್ಚಿಕೊಂಡು ಉಜ್ಜುವುದನ್ನು ಕಲಿಸಿ. ಬಾಯಿ ಅಗಲವಾಗಿ ತೆರೆದರೆ ಕೆನ್ನೆ ಬಿಗಿದು ಬ್ರಷ್ಷಿಗೆ ದಾರಿ ಸಿಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಉಜ್ಜುವುದನ್ನು ತಪ್ಪಿಸಬಾರದು. ನೋವು ಬರುವುದಕ್ಕೆ ಮೊದಲೇ ಒಮ್ಮೆ ದಂತವೈದ್ಯರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಆ ಹಲ್ಲು ನೆಟ್ಟಗೆ ಬರುತ್ತದೆಯೋ ಅಡ್ಡವಾಗಿ ನಿಲ್ಲುತ್ತದೆಯೋ ಎಂಬುದನ್ನು ಅವರು ಮುಂಚೆಯೇ ಹೇಳಬಲ್ಲರು. ಮುಂದಿನ ದಾರಿಯನ್ನು ಸಾವಧಾನವಾಗಿ ಯೋಚಿಸುವುದಕ್ಕೆ ನಿಮಗೂ ಕಾಲ ಸಿಗುತ್ತದೆ.